ಬಾವಿಗಿಳಿದ ಫೋನು

ನಾನು ಹುಟ್ಟಾ ಅಂಜುಬುರುಕಿ. ಲಿಫ್ಟಿಗೆ ಅಂಜುತ್ತೇನೆ, ಕೋಟೆಯ ಕಂದಕದ ಅಂಚಿನಲ್ಲಿ ನಡೆಯಲು ಅಂಜುತ್ತೇನೆ, ಕುಕ್ಕರ್ ಸೀಟಿ ಹೊಡೆದರೂ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಇಂಥವಳು ಕಲಬುರಗಿಯ ಮೋಮಿನಪುರದ ಹತ್ತಿರದ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಬಾಹ್ಯಾಕಾಶದ ಪಾಠವನ್ನಂತೂ ನಾನೇ ಹೋಗಿ ಬಂದವಳ ಹಾಗೆ ಮಾಡುತ್ತೇನೆ.

ಆ ದಿನದ ಪಾಠ, ಮನುಷ್ಯರಿಗಿಂತ ಮೊದಲು ಯಂತ್ರವನ್ನು ಯಾಕೆ ಕಳಿಸಬೇಕು ಎಂಬುದು. ಫೋನಿನಲ್ಲಿ ಒಂದು ವಿಡಿಯೊ ತೋರಿಸಿದೆ. ಹೆಣ್ಣಿನ ರೂಪದ ರೋಬೋಟು. ಮುಖವಿದೆ, ಕೈಗಳಿವೆ, ಸೊಂಟದ ಕೆಳಗೆ ಏನೂ ಇಲ್ಲ. ಮೊದಲು ಇವಳನ್ನು ನೌಕೆಯಲ್ಲಿ ಕೂರಿಸಿ ಕಳಿಸುತ್ತಾರೆ, ಇವಳು ಹೋಗಿ ಬಂದ ಮೇಲೆ ಮನುಷ್ಯರ ಸರದಿ ಎಂದೆ. ಕಾಲಿಲ್ಲದವಳನ್ನು ಕಂಡು ಮಕ್ಕಳು ಪಾಪ ಎಂದು ಮರುಗಿದರು. ಇವಳಿಗೆ ಊಟ ಬೇಡ, ನಿದ್ದೆ ಬೇಡ, ತಿರುಗಿ ಬರದಿದ್ದರೂ ಅಳುವ ತಾಯಿಯಿಲ್ಲ ಎಂದು ನಾನು ಗುಣಗಾನ ಮುಂದುವರಿಸಿದೆ. ಮಂಗಳ ಗ್ರಹದ ಮೇಲೆ ಗಾಲಿಯ ಯಂತ್ರಗಳು ವರ್ಷಗಟ್ಟಲೆ ಒಂಟಿಯಾಗಿ ಓಡಾಡಿದ್ದನ್ನೂ ಹೇಳಿದೆ. ಆಗ ಎರಡನೆಯ ಬೆಂಚಿನ ಹುಡುಗಿ ಎದ್ದು ನಿಂತಳು. ಅವಳ ಅಪ್ಪ ಸೈಕಲ್ ಪಂಕ್ಚರ್ ಹಾಕುವವರು. ಗಾಳಿಯ ವಿಚಾರ ಅವಳ ಮನೆಯ ವಿಚಾರ.

“ಟೀಚರ್, ಆಕಿ ಉಸಿರ ತಗೊಳಂಗಿಲ್ಲಲ್ರಿ. ಒಳಗ ಹವಾ ಖರಾಬ್ ಆದ್ರ ಆಕಿಗಿ ಹೆಂಗ ಗೊತ್ತಾಗ್ತದರಿ?”

ಅದಕ್ಕೆಲ್ಲ ಸೆನ್ಸರ್ ಇರುತ್ತದೆ, ಕೂತುಕೋ ಎಂದೆ. ಉತ್ತರ ತಪ್ಪಲ್ಲ. ಆದರೆ ಪ್ರಶ್ನೆಯನ್ನು ನಾನು ಕೇಳಿಸಿಕೊಂಡಿರಲಿಲ್ಲ, ಬಾಯಿ ಮುಚ್ಚಿಸಿದ್ದೆ ಅಷ್ಟೆ.

ಮಕ್ಕಳನ್ನು ಮತ್ತೆ ಪಾಠಕ್ಕೆ ಎಳೆಯಲು ನಮ್ಮ ಅಪ್ಪನ ಕಂದೀಲಿನ ಕತೆ ಹೇಳಿದೆ. ಅಪ್ಪ ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವವರ ಬಾವಿಗಳ ಹೂಳು ತೆಗೆಯುತ್ತಿದ್ದರು. ಇಳಿಯುವ ಮೊದಲು ಹೊತ್ತಿಸಿದ ಕಂದೀಲನ್ನು ಹಗ್ಗ ಕಟ್ಟಿ ತಳದವರೆಗೆ ಬಿಡುತ್ತಿದ್ದರು. ಅದು ಆರಿದರೆ ಯಾರೂ ಇಳಿಯುವಂತಿಲ್ಲ. ಬೇವಿನ ಟೊಂಗೆಗಳ ಕಟ್ಟನ್ನು ಹಗ್ಗಕ್ಕೆ ಬಿಗಿದು ಮೇಲೆ ಕೆಳಗೆ ಆಡಿಸಿ, ಗಾಳಿ ಕಲಕಿ, ಮತ್ತೆ ಕಂದೀಲು. ಮತ್ತೂ ಆರಿದರೆ ಹಗ್ಗ ಸುತ್ತಿಕೊಂಡು ಮನೆಗೆ ಬರುತ್ತಿದ್ದರು. ತೋಟದವರು ಎಷ್ಟು ಗೊಣಗಿದರೂ ಅಷ್ಟೆ. ಚಿಕ್ಕವಳಿದ್ದಾಗ ದಂಡೆಯ ಮೇಲೆ ಮುಷ್ಟಿ ಕಟ್ಟಿ ಕೂತು ಆ ದೀಪವನ್ನೇ ನೋಡುತ್ತಿದ್ದೆ. ಅದೇ ನಮ್ಮಪ್ಪನ ರೋಬೋಟು ಎಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ತಲೆಗೇರಿತು. ಈಗ ಆ ಕೆಲಸ ಮಾಡುವವನು ನಮ್ಮಣ್ಣ. ಸೀಮೆ ಎಣ್ಣೆ ಸಿಗುವುದೇ ಕಷ್ಟವಾಗಿ, ಎಣ್ಣೆ ಸಿಗುವವರೆಗೂ ಅವನು ಕೆಲಸ ಮುಂದೂಡುತ್ತಿದ್ದ. ಅವತ್ತೇ ಸಂಜೆ ಫೋನು ಮಾಡಿ ಕಂದೀಲಿನ ಗೊಡವೆಯೇ ಬೇಡ ಎಂದೆ. ನನ್ನ ಹಳೆಯ ಫೋನು ಅವನ ಹತ್ತಿರವೇ ಇತ್ತು. ಅದನ್ನೂ ಒಂದು ಬ್ಯಾಟರಿ ದೀಪವನ್ನೂ ಜೊತೆಗೆ ಕಟ್ಟಿ ಕೆಳಗೆ ಬಿಡು, ವಿಡಿಯೊದಲ್ಲಿ ನಾನು ಇಲ್ಲಿಂದಲೇ ತಳ ನೋಡಿ ಹೇಳುತ್ತೇನೆ ಎಂದೆ. ಓದಿದ ತಂಗಿಯ ಮಾತು. ಅವನು ಹೂಂ ಎಂದ.

ಭಾನುವಾರ ಬೆಳಿಗ್ಗೆ ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ನನ್ನ ಬಾಡಿಗೆ ಮನೆಯಲ್ಲಿ ಮಂಚದ ಮೇಲೆ ಕೂತೆ. ಅತ್ತ ಕಮಲಾಪುರದಲ್ಲಿ, ಬೋರು ಬಂದಮೇಲೆ ಕಲ್ಲು ಹಾಸಿ ಮುಚ್ಚಿದ್ದ ಕಿರಿದಾದ ಬಾವಿಯೊಂದನ್ನು ತೆರೆದಿದ್ದರು. ಫೋನು ಇಳಿಯತೊಡಗಿತು. ಕಲ್ಲಿನ ಸಾಲು, ಬೇರು, ಪಾರಿವಾಳದ ಪುಕ್ಕ, ಆಮೇಲೆ ತಳ: ಹಸಿ ಹೂಳು, ಒಡೆದ ಕೊಡ, ನೀರು ಸೇದುವ ತುಕ್ಕು ಹಿಡಿದ ಗಡಗಡೆ. ಒಂದೊಂದು ಹೆಂಟೆಯೂ ಕಾಣುತ್ತಿತ್ತು. ಚಂದ್ರನ ಮೇಲೆ ಯಂತ್ರ ಇಳಿಸಿದವರ ಕುರ್ಚಿಯಲ್ಲಿ ಕೂತ ಹಾಗೆ ನನಗೆ ಬಿಗುಮಾನ ಬಂದಿತ್ತು. ಅಣ್ಣ ಫೋನನ್ನು ಮೇಲೆಳೆದು ಹೆಂಗದ ಎಂದು ಕೇಳಿದ.

“ಎಲ್ಲಾ ಸಾಫ್ ಕಾಣಸ್ತದಣ್ಣಾ. ಹಾವಿಲ್ಲ, ನೀರಿಲ್ಲ. ಇಳಿ.”

ಕೆಲಸಕ್ಕೆ ಬೆಳಕಾಗಲಿ, ತಂಗಿಯೂ ನೋಡಲಿ ಎಂದು ದೀಪ, ಫೋನು ಎರಡನ್ನೂ ಮತ್ತೆ ತಳಕ್ಕೆ ಬಿಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಮೊದಲು ಪಾದ ಕಂಡವು, ಆಮೇಲೆ ಮೊಣಕಾಲು. ಎರಡು ಪುಟ್ಟಿ ಹೂಳು ತುಂಬಿ ಮೇಲೆ ಕಳಿಸಿದ. ಮೂರನೆಯದಕ್ಕೆ ಬಗ್ಗಿದವನು ಗೋಡೆಗೆ ಕೈ ಕೊಟ್ಟ. ನಂತರ ಮನೆಯ ಕಟ್ಟೆಯ ಮೇಲೆ ಕೂತಂತೆ ಮೆಲ್ಲಗೆ ಕೆಸರಿನಲ್ಲಿ ಕೂತುಬಿಟ್ಟ.

ಬಾವಿಯ ತಳದಲ್ಲಿ ಕೂತವನನ್ನು ಏನೂ ಕೇಳದೆ ಎಳೆಯಬೇಕು. ಅಪ್ಪ ಇದನ್ನು ನಮಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. “ಅಣ್ಣಾ, ಏಳು” ಎಂದು ಕೂಗಿದೆ. ಅವನು ಬೆಳಕಿನ ಕಡೆಗೆ ತಿರುಗಿ ನಕ್ಕ. ಆ ನಗುವಿಗೆ ನಾನು ಇವತ್ತಿಗೂ ಅಂಜುತ್ತೇನೆ. ಅವನ ಪಕ್ಕದಲ್ಲಿ ಬ್ಯಾಟರಿ ದೀಪ ಒಂದಿಷ್ಟೂ ಅಲುಗದೆ ಉರಿಯುತ್ತಿತ್ತು. ಅದು ಕೆಟ್ಟ ಗಾಳಿಯಲ್ಲೂ ಆರುವುದಿಲ್ಲ, ಅದಕ್ಕೆ ಉಸಿರು ಬೇಕಿಲ್ಲ ಎಂಬುದು ಆಗ ಹೊಳೆಯಿತು. ಪ್ರತಿ ವರ್ಷ ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಮುಚ್ಚಿ ಮಕ್ಕಳಿಗೆ ತೋರಿಸುವವಳು ನಾನೇ.

ನನ್ನ ಕೂಗು ಹೋಗುತ್ತಿದ್ದದ್ದು ಬಾವಿಯ ತಳಕ್ಕೆ. ಹಗ್ಗ ಹಿಡಿದ ಇಬ್ಬರು ಆಳುಗಳೂ ಅಣ್ಣನ ಹೆಂಡತಿ ನಮ್ಮ ವೈನಿಯೂ ಇದ್ದದ್ದು ಮೇಲೆ. ವೈನಿಯ ಹತ್ತಿರ ಒಂದು ಬಟನ್ ಫೋನಿತ್ತು. ಅದಕ್ಕೆ ಕರೆ ಮಾಡಬೇಕಾದರೆ ಈ ವಿಡಿಯೊ ಕತ್ತರಿಸಬೇಕು. ಕತ್ತರಿಸಿದರೆ ಅಣ್ಣ ಕಣ್ಣಿಂದ ಮರೆಯಾಗುತ್ತಾನೆ. ಅವನ ತಲೆ ಎದೆಗೆ ಜೋತದ್ದನ್ನು ನೋಡಿ ಕತ್ತರಿಸಿದೆ.

ಮೊದಲ ಸಲ ವೈನಿ ಎತ್ತಲಿಲ್ಲ. ಎರಡನೆಯ ಸಲ ಎತ್ತಿದರು.

“ವೈನಿ, ಎಳೀರಿ. ಏನೂ ಕೇಳಬ್ಯಾಡ್ರಿ, ಎಳೀರಿ.”

ಆಮೇಲೆ ಬರೀ ಸದ್ದು. ಹಗ್ಗ ಕಲ್ಲಿಗೆ ಉಜ್ಜುವ ಸದ್ದು, ಆಳುಗಳ ಏದುಸಿರು, ವೈನಿಯ ಅಳು, ಕೊಡದಿಂದ ನೀರು ಸುರಿದ ಸದ್ದು. ನಂತರ ಅದೂ ಇಲ್ಲ. ನಾನು ಮಂಚದಿಂದ ಇಳಿದು ನೆಲದ ಮೇಲೆ ಕೂತಿದ್ದೆ. ಯಾವಾಗ ಇಳಿದೆನೋ ತಿಳಿಯದು. ಬಹಳ ಹೊತ್ತಿನ ಮೇಲೆ ಯಾರೋ ಉಸಿರಾಡಾಕತ್ತಾನ ಅಂದರು.

ಅವನನ್ನು ಕಲಬುರಗಿಯ ಆಸ್ಪತ್ರೆಗೆ ತಂದರು. ಎರಡು ದಿನ ಮೂಗಿಗೆ ಆಮ್ಲಜನಕದ ನಳಿಗೆ ಇತ್ತು. ಪಕ್ಕದಲ್ಲಿ ಕೂತು ನಾನು ಅವನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ, ಚಿಕ್ಕಂದಿನಲ್ಲಿ ಅಪ್ಪನ ಕಂದೀಲನ್ನು ನೋಡುತ್ತಿದ್ದಂತೆ. ಯಾಕೆ ಹೀಗಾಯಿತು ಎಂದು ವೈನಿ ಕೇಳಲಿಲ್ಲ, ಕೇಳಿದ್ದರೆ ಚೆನ್ನಾಗಿತ್ತು.

ಶಾಲೆಗೆ ಮರಳಿದ ದಿನ ತರಗತಿಗೆ ಏನನ್ನೂ ಮುಚ್ಚಿಡದೆ ಹೇಳಿದೆ. ಎರಡನೆಯ ಬೆಂಚಿನ ಹುಡುಗಿಯ ಕಡೆ ತಿರುಗಿ, ನೌಕೆಯಲ್ಲಿ ಹೋಗುವ ರೋಬೋಟಿಗೆ ಗಾಳಿ ಅಳೆಯುವ ಸಾಧನಗಳಿವೆ, ಯಾಕೆಂದರೆ ಅದನ್ನು ಕಟ್ಟಿದವರು ನಿನ್ನ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡಿದ್ದಾರೆ, ನಾನು ಕೇಳಿಕೊಳ್ಳಲಿಲ್ಲ ಎಂದೆ. ಅವಳು ಮತ್ತೆ ಎದ್ದಳು. ರೋಬೋಟು ಬಂದ ಮೇಲೆ ಮನುಷ್ಯರಿಗೆ ಈಗ ನೀವು ಹೋಗಿ ಎಂದು ಹೇಳುವವರು ಯಾರು ಎಂದು ಕೇಳಿದಳು. ಭೂಮಿಯ ಮೇಲೆ ಪರದೆ ನೋಡುತ್ತ ಕೂತವರು ಎಂದೆ. ಮೇಲೆ ಹೋಗುವವರಿಗಿಂತ ಆ ಕೂತವರನ್ನು ನೆನೆದೇ ನನಗೀಗ ಹೆಚ್ಚು ಅಂಜಿಕೆ.

ಅಣ್ಣ ಚೇತರಿಸಿಕೊಂಡ ಮೇಲೆ ಕಮಲಾಪುರಕ್ಕೆ ಹೋದೆ. ಅಂಗಳದಲ್ಲಿ ಕೂತು ಅಪ್ಪನ ಕಂದೀಲು ಬಿಚ್ಚಿಟ್ಟುಕೊಂಡಿದ್ದ. ಫೋನು ಇನ್ನೂ ಬಾವಿಯಲ್ಲೇ ಇದೆ, ತೆಗೆಸಲೇ ಎಂದ. ಬೇಡ ಎಂದೆ. ಎದೆಯೊಳಗೆ ಕೊರೆಯುತ್ತಿದ್ದದ್ದನ್ನು ಕೊನೆಗೂ ಕೇಳಿದೆ: ಏಳು ಏಳು ಎಂದು ಅಷ್ಟು ಕೂಗಿದೆನಲ್ಲ, ನಿನಗೆ ಕೇಳಿಸಿತೇ?

“ಏಳು ಅಂದಿದ್ದು ನೆನಪಿಲ್ಲ ತಂಗಿ. ಇಳಿ ಅಂದಿದ್ದು ನೆನಪದ. ನೀ ಹುಟ್ಟಾ ಅಂಜುಬುರುಕಿ. ನೀನ ಇಳಿ ಅಂದಮ್ಯಾಲ ಇನ್ನ ಅಂಜೂದು ಏನದ ಅಂತ ಇಳದೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕಂದೀಲಿನ ಗಾಜನ್ನು ನನ್ನ ಕೈಗೆ ಕೊಟ್ಟು ಒರೆಸು ಎಂದ.