ಸೂರ್ಯಕಾಂತಿ ಹೊಲದ ಪುಟ್ಟ ಸೀಡಿ

ಮೊನ್ನೆ ಅಪ್ಪ, ಅವ್ವ, ಮಗಳ ಜೊತೆ ಕಾರಿನಲ್ಲಿ ಬೇಗೂರು ದಾಟುವಾಗ, ಸೂರ್ಯಕಾಂತಿ ಹೊಲದಲ್ಲಿ ಗಿಳಿ ಓಡಿಸಲು ಕಟ್ಟಿದ್ದ ಸೀಡಿಯೊಂದು ಫಳಕ್ಕನೆ ಹೊಳೆಯಿತು. ನನಗೆ ನಗು ತಡೆಯಲಾಗಲಿಲ್ಲ.

ನಾನಿನ್ನೂ ಓದುತ್ತಿದ್ದ ಕಾಲದ ಮಾತು. ಅಪ್ಪ ಆಗ ಬಂಡೀಪುರದಲ್ಲಿ ಫಾರೆಸ್ಟ್ ವಾಚರ್. ಕಾಡಿನ ಕ್ಯಾಂಪಿಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅಲ್ಲಿ ರೇಡಿಯೊ ಕೂಡ ಹಿಡಿಯುತ್ತಿರಲಿಲ್ಲ. ಅದಕ್ಕೇ ಬೆಂಕಿಪೊಟ್ಟಣದಷ್ಟು ಪುಟ್ಟದೊಂದು ಎಂಪಿತ್ರೀ ಪ್ಲೇಯರ್ ತಂದಿದ್ದರು. ಹಾಡು ತುಂಬಿಸಲು ನಾನು ಗುಂಡ್ಲುಪೇಟೆಯ ಕಂಪ್ಯೂಟರ್ ಸೆಂಟರಿಗೆ ಹೋದರೆ, ಅಲ್ಲಿನ ಹಳೇ ಕಂಪ್ಯೂಟರ್ ಅದರ ಗುರುತೇ ಹಿಡಿಯಲಿಲ್ಲ.

“ಕಂಪ್ಯೂಟರಿಗೆ ಇದರ ಗುರುತು ಹೇಳ್ಕೊಡೋ ಡ್ರೈವರ್ ಸೀಡಿ ಬೇಕು ಕಣಮ್ಮಿ. ಡಬ್ಬದಲ್ಲೇ ಚಿಕ್ಕದೊಂದು ಇರ್ತದೆ, ತಕೊಂಡ್ ಬಾ” ಎಂದರು ಸೆಂಟರಿನವರು.

ಮನೆಗೆ ಬಂದು ಕೇಳಿದೆ. “ಅದಾ? ಹಾಕ್ ನೋಡ್ದೆ, ಒಂದು ಹಾಡೂ ಬರ್ನಿಲ್ಲ. ಗಿಳಿ ಕಾಟಕ್ಕೆ ಹೊಲದಲ್ಲಿ ಕಟ್ಬುಟ್ಟೆ” ಎಂದಳು ಅವ್ವ.

ಮಾರನೆಯ ದಿನವೇ ಅಪ್ಪ ಕ್ಯಾಂಪಿಗೆ ಹೊರಡಬೇಕಿತ್ತು. “ಬುಡು ಮಗಾ, ಓಗ್ಲಿ” ಎಂದರು. ನಾನು ಬಿಡಲಿಲ್ಲ. ಗೀರುಬಿದ್ದ ಸೀಡಿಯನ್ನು ಬಿಚ್ಚಿ ತಂದು, ಸೋಪುನೀರಿನಲ್ಲಿ ತೊಳೆದು, ಅಪ್ಪನ ವಿಭೂತಿಯನ್ನೇ ಚೂರು ಪುಡಿಮಾಡಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದೆ. ಬೆಳಿಗ್ಗೆ ಸೆಂಟರಿನ ಕಂಪ್ಯೂಟರ್ ಗುರುಗುಟ್ಟಿತು, ಮುನಿಸಿಕೊಂಡು ನಿಂತಿತು, ಕೊನೆಗೂ ಓದಿತು! ಹಾಡುಗಳು ಒಂದೊಂದಾಗಿ ತುಂಬಿಕೊಂಡವು.

ಮೊನ್ನೆ ಕಾರಿನಲ್ಲಿ, ನಾನು ನಕ್ಕಿದ್ದೇಕೆಂದು ಕೇಳಿದ ಮೊಮ್ಮಗಳ ಕಡೆ ಅಪ್ಪ ತಿರುಗಿದರು. “ಕಾಡೊಳಗೆ ನಂಗೆ ಹಾಡು ಕೇಳ್ಸಿದ್ದು ನಿಮ್ಮವ್ವ ಕಣವ್ವ. ಕ್ಯಾಂಪ್ನಲ್ಲಿ ಯಾರ್ ಬಂದ್ರೂ ‘ನನ್ ಮಗಳು ತುಂಬ್ಕೊಟ್ಟವ್ಳೆ’ ಅಂತಿದ್ದೆ.”

ಹಿಂದಿನ ಸೀಟಿನಲ್ಲಿದ್ದ ಅವ್ವ ಸುಮ್ಮನಿರಲಿಲ್ಲ. “ಆ ಸೀಡಿಯ ಎಸೀದೆ ಮಡಗಿದ್ದೋಳು ಯಾರು, ಅದ್ನೂ ಹೇಳು!”