ತಲೆಗೆ ನೀರಿಲ್ಲದ ಅಮಾವಾಸ್ಯೆ

ನಮ್ಮ ಅತ್ತೆಯ ಪ್ರಕಾರ ಪ್ರಳಯಕ್ಕೂ ಒಂದು ಕ್ರಮವಿದೆ. ಮೊದಲು ಹನ್ನೆರಡು ಸೂರ್ಯರು ಒಟ್ಟಿಗೇ ಹುಟ್ಟಿ ಭೂಮಿಯನ್ನು ಸುಡುತ್ತಾರೆ, ಆಮೇಲೆ ಆನೆಯ ಸೊಂಡಿಲಿನಷ್ಟು ದಪ್ಪ ಮಳೆ ಸುರಿದು ಎಲ್ಲವೂ ಮುಳುಗುತ್ತದೆ. ಬಳ್ಳಾರಿಯಲ್ಲಿ ಬಾಳಿದವರಿಗೆ ಮೊದಲ ಭಾಗ ಹೊಸದೇನಲ್ಲ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಆ ವರ್ಷ ಪ್ರಳಯ ಮೊಬೈಲಿನಲ್ಲಿ ಬಂತು. ಸತ್ಯನಾರಾಯಣಪೇಟೆಯ ನಮ್ಮ ಪಕ್ಕದ ಮನೆಯಾಕೆ, ಕುರುಗೋಡು ಕಡೆಯ ಬಾದನಹಟ್ಟಿಯವರು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು ಅತ್ತೆಗೆ ಒಂದು ವಿಡಿಯೊ ಕೇಳಿಸಿದರು. ಬರುವ ಅಮಾವಾಸ್ಯೆಗೆ ಭೂಮಿ ಮುಳುಗುತ್ತದೆ ಎಂದು ಗಡ್ಡದವನೊಬ್ಬ ಗುಡುಗಿನ ಸದ್ದಿನ ನಡುವೆ ಹೇಳುತ್ತಿದ್ದ.

"ಸುಳ್ಳೋ ಖರೇನೋ ಆ ಶಿವನಿಗೇ ಗೊತ್ತೈತಿ. ನಾನಂತೂ ನಾಳಿ ಇಡ್ಲಿಗೆ ಅಕ್ಕಿ ನೆನಿ ಹಾಕೀನಿ" ಎಂದು ಆಕೆ ನಕ್ಕು ಹೋದರು. ಅತ್ತೆ ನಗಲಿಲ್ಲ.

ಅತ್ತೆಯ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನ ಪೊರೆ ಬಲಿತಿದೆ, ಇನ್ನು ತಡಮಾಡಿದರೆ ಅದೂ ಕೈಬಿಡುತ್ತದೆ ಎಂದು ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಅದು ಅಮಾವಾಸ್ಯೆಯ ಹಿಂದಿನ ವಾರವೇ ಬಿದ್ದಿತ್ತು.

"ಬ್ಯಾಡ. ಮುಳುಗೋ ಲೋಕಕ್ಕ ಕಣ್ಣು ಯಾಕ?" ಎಂದುಬಿಟ್ಟರು.

ನಾನು ನಂಬಲಿಲ್ಲ. ಇದು ಕಲಿಯುಗದ ಮೊದಲ ಪಾದ ಎಂದು ನಮ್ಮ ಮನೆಯವರು ಪ್ರತಿ ಪೂಜೆಯ ಸಂಕಲ್ಪದಲ್ಲೂ ಹೇಳುತ್ತಾರೆ. ಪ್ರಳಯಕ್ಕೆ ಇನ್ನೂ ಲಕ್ಷಾಂತರ ವರ್ಷ ಬಾಕಿ ಇದೆಯೆಂದು ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತು. ಅವರನ್ನು ಕಾಡುತ್ತಿರುವುದು ಬೇರೇನೋ ಎಂದು ನನಗೆ ಖಾತ್ರಿಯಿತ್ತು, ನನ್ನ ಖಾತ್ರಿ ತಪ್ಪುವುದು ಕಡಿಮೆ.

ಬಿಡದೆ ಕೇಳಿದ ಮೇಲೆ ಬಾಯಿಬಿಟ್ಟರು. ಆಪರೇಷನ್ ಆದ ಮೇಲೆ ಕೆಲವು ವಾರ ತಲೆಗೆ ನೀರು ಹಾಕಬಾರದೆಂದು ಡಾಕ್ಟರು ಹೇಳಿದ್ದರು. ಮಾವ ಹೋದಂದಿನಿಂದ ಅತ್ತೆ ದಿನಾ ತಲೆಗೆ ಸ್ನಾನ ಮಾಡಿ, ಯಾರೂ ಮುಟ್ಟದ ಮಡಿಸೀರೆ ಉಟ್ಟು ದೇವರಿಗೆ ಅಡುಗೆ ಮಾಡುವವರು.

"ಮೈಲಿಗ್ಯಾಗ ಇದ್ದಾಗ ಸಾವು ಬಂದ್ರ, ಮ್ಯಾಲೆ ಹೋಗಿ ಏನಂತ ಉತ್ತರ ಹೇಳ್ಲಿ?"

"ಪ್ರಳಯ ಅಂದ್ರ ನೀರಲ್ಲೇನ್ರಿ ಅತ್ತಿ? ತಲಿಸ್ನಾನ ತಾನ ಆಗ್ತದ."

"ನೀ ಹೊಳಿ ನೋಡಿಲ್ಲ" ಎಂದರು.

ಅವರ ತವರು ಸಿರುಗುಪ್ಪದ ಹತ್ತಿರದ ರಾರಾವಿ. ಅವರು ಸಣ್ಣವರಿದ್ದಾಗ ಊರ ಹೊಳೆ ಮನೆಯೊಳಗೇ ಬಂದಿತ್ತಂತೆ. ಮಡಿಯಲ್ಲಿ ನೈವೇದ್ಯದ ಅನ್ನ ಬಸಿಯುತ್ತಿದ್ದ ಅವರ ತಾಯಿ ಎಲ್ಲವನ್ನೂ ಅಲ್ಲೇ ಬಿಟ್ಟು, ತಮ್ಮ ಮಕ್ಕಳನ್ನೂ ನೆರೆಮನೆಯ ಮಕ್ಕಳನ್ನೂ ಬಾಚಿಕೊಂಡು ದಿಬ್ಬಕ್ಕೆ ಓಡಿದರು. ಅಲ್ಲಿ ಯಾರ್ಯಾರೋ ಬೇಯಿಸಿ ಕೊಟ್ಟದ್ದನ್ನೇ ಉಂಡರು. ನೆನೆದ ಮೈಗೆ ಜ್ವರ ಹಿಡಿದು, ನೀರು ಇಳಿಯುವ ಮೊದಲೇ ಆ ದಿಬ್ಬದ ಮೇಲೆ ತೀರಿಕೊಂಡರು.

ಇಷ್ಟು ವರ್ಷ ಜೊತೆಗಿದ್ದರೂ ಈ ಸಾವಿನ ಮಾತನ್ನು ನಾನು ಕೇಳಿರಲಿಲ್ಲ. ಸಂಕಟವಾಯಿತು. ಆದರೂ ಕೇಳಿಯೇ ಬಿಟ್ಟೆ.

"ಹಂಗಾದ್ರ ನಿಮ್ಮ ಅವ್ವ ನರಕಕ್ಕ ಹೋಗ್ಯಾರೇನ್ರಿ?"

ಅತ್ತೆಯ ಮುಖ ಕೆಂಪಾಯಿತು. "ಬಾಯಿ ಮುಚ್ಚು. ನಮ್ಮವ್ವಗ ನರಕ ಅನ್ನೋ ದೇವರು ನನಗ ಬ್ಯಾಡ."

ಆಡಿದ ಮಾತು ತಮ್ಮ ಕಿವಿಗೇ ಬಿದ್ದು, ಸೆರಗನ್ನು ಬಾಯಿಗೆ ಒತ್ತಿಕೊಂಡರು. ದೇವರಮನೆಯ ಕಡೆ ತಿರುಗಿ ಕೈಮುಗಿದರು. ಆಮೇಲೆ, "ಡಾಕ್ಟರಿಗೆ ಫೋನ್ ಮಾಡು. ನಾ ಬರ್ತೀನಂತ ಹೇಳು" ಎಂದರು.

ಆಪರೇಷನ್ ಆಯಿತು, ಅಮಾವಾಸ್ಯೆಯೂ ಬಂತು. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಅತ್ತೆ ತಲೆಗೆ ನೀರಿಲ್ಲದೆ, ಕಪ್ಪು ಕನ್ನಡಕ ಹಾಕಿಕೊಂಡು ಅಡುಗೆಮನೆಯ ಹೊಸ್ತಿಲಾಚೆ ಕೂತಿದ್ದರು. ಒಳಗೆ ಮಡಿಯುಟ್ಟು ನಾನು. ತೊವ್ವೆಗೆ ಉಪ್ಪೆಷ್ಟು, ಒಗ್ಗರಣೆ ಯಾವಾಗ ಎಂದು ಅಲ್ಲಿಂದಲೇ ಹುಕುಂ ನಡೆದಿತ್ತು.

ನೈವೇದ್ಯದ ಪಾತ್ರೆ ಹಿಡಿದು ನಾನು ಹೊರಗೆ ಬಂದಾಗ ಅತ್ತೆ ಎದ್ದು ನಿಂತು, ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅಲ್ಲವಾ, ನಿನ್ನ ಕೂದಲ ಯಾವಾಗ ಹಿಂಗ ಬೆಳ್ಳಗಾದ್ವು? ನನಗ ಯಾರೂ ಹೇಳ್ಲೇ ಇಲ್ಲ."

ನಾನು ಮಡಿಯಲ್ಲಿದ್ದೇನೆ, ಅವರು ಮೈಲಿಗೆಯಲ್ಲಿದ್ದಾರೆ, ಮುಟ್ಟಿದರೆ ಮಡಿ ಕೆಡುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅತ್ತೆ ಕೈಚಾಚಿ ನನ್ನ ತಲೆ ಸವರಿದರು. ನಾನು ಅದೇ ಪಾತ್ರೆಯನ್ನು ಒಯ್ದು ದೇವರ ಮುಂದೆ ಇಟ್ಟೆ. ಅತ್ತೆ ಬೇಡ ಎನ್ನಲಿಲ್ಲ.