ಹದಿನೆಂಟು ಮನೆಗಳ ವಾಕ್ ಸ್ವಾತಂತ್ರ್ಯ

ಮೊಬೈಲುಗಳು ಇನ್ನೂ ಬರೀ ಫೋನುಗಳಾಗಿದ್ದ ಕಾಲ. ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ತಾರಸಿಯಿಂದ ತಾರಸಿಗೆ ತಂತಿ ಎಳೆದು, ಹದಿನೆಂಟು ಮನೆಗಳ ಕಂಪ್ಯೂಟರುಗಳನ್ನು ಸೇರಿಸಿ ನಾವೊಂದು ಜಾಲ ಕಟ್ಟಿಕೊಂಡಿದ್ದೆವು. ಅದಕ್ಕೆ ಯಜಮಾನನಿರಲಿಲ್ಲ. ಒಬ್ಬರು ಬರೆದದ್ದು ಹದಿನೆಂಟೂ ಮನೆಗಳಲ್ಲಿ ಪ್ರತಿಯಾಗಿ ಉಳಿಯುತ್ತಿತ್ತು. ನೀವು ನಿಮ್ಮಲ್ಲಿ ಅಳಿಸಿದರೆ, 'ಅಯ್ಯೋ, ಇವರ ಹತ್ತಿರ ಇದಿಲ್ಲ' ಎಂದು ಪಕ್ಕದ ಮನೆಯ ಕಂಪ್ಯೂಟರು ಮತ್ತೆ ತುಂಬಿಕೊಡುತ್ತಿತ್ತು. ಯಾರೂ ಯಾರ ಬಾಯಿಯನ್ನೂ ಮುಚ್ಚಿಸಲಾಗದು ಎಂದು ನಾವು ಬೀಗುತ್ತಿದ್ದೆವು. ಹೆಸರು ಹಾಕಬೇಕೆಂಬ ನಿಯಮವೂ ಇರಲಿಲ್ಲ. ನಿಯಮ ಎಂದರೆ ನಮಗೆ ಮೈಯೆಲ್ಲ ಉರಿಯುತ್ತಿತ್ತು. ಆ ಬಾಯಿಗಳಿಂದ ಬರುತ್ತಿದ್ದದ್ದಾದರೂ ಏನು? ಯಾರ ಮನೆಯ ನಾಯಿ ಯಾರ ಗೇಟಿನ ಮುಂದೆ ಏನು ಮಾಡಿತು ಎಂಬುದು.

ಒಂದು ದಿನ ಹೆಸರಿಲ್ಲದ ಸಾಲೊಂದು ಬಂತು. ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ, ಗದಗದ ಕಡೆಯ ಟ್ಯೂಷನ್ ಟೀಚರ್ ಬಗ್ಗೆ. ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಮೊದಲೇ ತರಿಸಿಕೊಂಡು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರಂತೆ. ಶುದ್ಧ ಸುಳ್ಳು. ಆಕೆ ಒಂದೇ ಲೆಕ್ಕವನ್ನು ನಾಲ್ಕು ಸಲ ಬಿಡಿಸಿ ಹೇಳುವುದು ದಿನಾ ಸಂಜೆ ನನ್ನ ಅಡುಗೆಮನೆಗೆ ಕೇಳುತ್ತಿತ್ತು. ಗಂಡನನ್ನು ಕಳೆದುಕೊಂಡ ಆಕೆಗೆ ಆ ಹನ್ನೊಂದು ಮಕ್ಕಳೇ ಅನ್ನ. ವಾರದೊಳಗೆ ನಾಲ್ಕು ಮಕ್ಕಳು ಬಿಟ್ಟರು.

ಆಕೆ ಕೆಳಗಿಳಿದು ಬಂದು, "ಅದನ್ನ ತೆಗಸ್ರಿ ಅಕ್ಕಾರ, ಇನ್ನೇನೂ ಬ್ಯಾಡ" ಎಂದರು.

ನಾವು ತೆಗೆಯುವವರೇ? ಸಭೆ ಸೇರಿದೆವು. ಮೂಲೆಮನೆಯ ನಿವೃತ್ತ ಅಧಿಕಾರಿ, ಕಚೇರಿಯಲ್ಲಿ ಆಯುಷ್ಯವಿಡೀ ತುಟಿ ಬಿಚ್ಚದೆ ಸಹಿ ಹಾಕಿದವರು, ಅಂದು ಗುಡುಗಿದರು: "ಇವತ್ತು ಇದನ್ನ ಅಳಿಸ್ತೀರಿ, ನಾಳೆ ನನ್ನ ಮಾತೂ ಅಳಿಸ್ತೀರಿ. ಸುಳ್ಳಿಗೆ ಉತ್ತರ ಬರೀಬೇಕು ಕಣ್ರೀ, ಅಳಿಸಬಾರದು!" ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು.

ಬರೆದೆ. ಟೀಚರ್ ಪರವಾಗಿ, ಮಾತಿನ ಸ್ವಾತಂತ್ರ್ಯದ ಮೇಲೆ, ನಾಲ್ಕು ಪುಟ. "ಸೂಪರ್ ಆಂಟಿ", "ಏನ್ ಬರೆದಿದೀರಾ ಮೇಡಂ" ಎಂದು ಹೊಗಳಿಕೆಯ ಸುರಿಮಳೆ. ನಮ್ಮ ಜಾಲದಲ್ಲಿ ಪ್ರತಿ ಉತ್ತರದ ಕೆಳಗೂ ಮೂಲ ಸಾಲು ತಾನಾಗಿ ಅಂಟಿಕೊಳ್ಳುತ್ತಿತ್ತು. ಹೊಸ ಉತ್ತರ ಬಂದಾಗಲೆಲ್ಲ ಇಡೀ ಚರ್ಚೆ ಮೇಲಕ್ಕೆ ಬರುತ್ತಿತ್ತು. ನನ್ನನ್ನು ಹೊಗಳಿದಷ್ಟೂ ಆ ಸುಳ್ಳು ಮೇಲೇರಿತು. ಅದುವರೆಗೆ ಓದದವರೂ ಓದಿದರು, ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಎಂದರು. ಇನ್ನೂ ಮೂರು ಮಕ್ಕಳು ಬಿಟ್ಟರು.

ಆಗ ಅಧಿಕಾರಿಗೂ ನಾಚಿಕೆಯಾಯಿತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹದಿನೆಂಟೂ ಮನೆಯವರು ತಂತಿ ಕಿತ್ತು, ಆ ಚರ್ಚೆಯನ್ನು ಪೂರ್ತಿ ಅಳಿಸಿ, ಹನ್ನೊಂದಕ್ಕೆ ಮತ್ತೆ ಸಿಕ್ಕಿಸುವುದೆಂದು ತೀರ್ಮಾನವಾಯಿತು. ಒಂದು ಮನೆಯಲ್ಲಿ ಉಳಿದರೂ ಎಲ್ಲರಿಗೂ ಹಬ್ಬುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹತ್ತಕ್ಕೆ ಕಿತ್ತೆವು. ಹನ್ನೊಂದಕ್ಕೆ ಸಿಕ್ಕಿಸಿದೆವು. ಹನ್ನೊಂದೂವರೆಗೆ ಆ ಸಾಲು ಎಲ್ಲರ ಮನೆಯಲ್ಲೂ ಇತ್ತು.

ಅಳಿಸಬಾರದು ಎಂದು ಗುಡುಗಿದ್ದವರು ಅವರೇ ತಾನೇ ಎಂದು ಬೀದಿಯೆಲ್ಲ ಅಧಿಕಾರಿಯನ್ನು ಶಪಿಸಿತು. ನಾನೂ ದನಿಗೂಡಿಸಿ ಥೂ ಎಂದೆ. ಪಾಪ, ಅವರು ಹೇಳಿದ ಹಾಗೆ ಅಳಿಸಿದ್ದರು. ಅಳಿಸದವಳು ನಾನು. ಆ ಹೆಸರಿಲ್ಲದ ಸಾಲನ್ನು ಅಳಿಸಿದೆ, ಬೇರೆಯವರ ಉತ್ತರಗಳನ್ನೂ ಅಳಿಸಿದೆ. ನನ್ನ ನಾಲ್ಕು ಪುಟಕ್ಕೆ ಬಂದಾಗ ಕೈ ಏಳಲಿಲ್ಲ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲ. ಕಾಗದಕ್ಕೆ ಇಳಿಸಿಕೊಳ್ಳಬಹುದಿತ್ತು, ಆದರೆ ಕಾಗದದಲ್ಲಿದ್ದರೆ ಓದಿ ಹೊಗಳುವವರು ಯಾರು? ಅದರ ಬಾಲಕ್ಕೆ ಅಂಟಿದ್ದ ಸಾಲಿನ ನೆನಪೇ ನನಗಾಗಲಿಲ್ಲ. ನನ್ನದನ್ನು ಬಿಟ್ಟು ಬೇರೇನನ್ನೂ ನಾನು ಓದುತ್ತಿರಲಿಲ್ಲವಲ್ಲ. ದೊಡ್ಡ ಬರಹಗಾರ್ತಿ, ನನ್ನ ತಲೆ!

ಈ ಮಾತನ್ನು ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ. ಉಳಿದ ನಾಲ್ಕು ಮಕ್ಕಳೂ ಆ ತಿಂಗಳು ಬಿಟ್ಟರು. ಟೀಚರ್ ಕೋಣೆ ಖಾಲಿ ಮಾಡಿ, ಬ್ಯಾಡರಹಳ್ಳಿಯ ಅಕ್ಕನ ಮನೆಗೆ ಹೊರಟರು. ಕೀಲಿ ಕೊಡಲು ಬಂದಾಗ ಸಿಟ್ಟೇನೂ ಇರಲಿಲ್ಲ.

"ಕಡೀ ಹುಡುಗನ ಅವ್ವ ನಿಮ್ಮ ಬರಹದ ಪ್ರಿಂಟ್ ತಂದು ತೋರಿಸಿದ್ರು ಅಕ್ಕಾರ," ಎಂದರು. "ಭಾಳ ಛಲೋ ಬರ್ದೀರಿ. ಅದರ ಕೆಳಗ ನನ್ನ ಮ್ಯಾಲಿನ ಆ ಸಾಲೂ ಐತಿ."